ಕುಡಿತ ಬಿಟ್ಟವರಿಗೆ ಜೊತೆ ಬೇಕು

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಸಂಘಗಳ ಭೇಟಿಗೆ ಹೋದಾಗ ನಾವು ಅನೇಕ ಕಡೆ ಕೇಳುವ ಮಾತು ಇದು: "ಸಿಸ್ಟರ್, ಸಾಲ ಮಾಡಿ ನಮ್ಮ ಯಜಮಾನ್ರನ್ನ ಕುಡಿತ ಬಿಡಿಸೋಕೆ ಸೇರಿಸಿದ್ವಿ. ಮೂರು ತಿಂಗಳು ಚೆನ್ನಾಗಿದ್ರು. ಹಬ್ಬಕ್ಕೆ ಮತ್ತೆ ಶುರು ಮಾಡಿದ್ರು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಹೀಗೇಕೆ ಆಗುತ್ತದೆ? ಕುಡಿತದ ಚಟ ಬರೀ ಕೆಟ್ಟ ಬುದ್ಧಿಯಲ್ಲ, ಅದೊಂದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಆಸ್ಪತ್ರೆ ಅಥವಾ ಶಿಬಿರದಲ್ಲಿ ಕುಡಿತ ನಿಲ್ಲುತ್ತದೆ. ಆದರೆ ಮನೆಗೆ ಬಂದ ಮೇಲೆ ಅದೇ ದಾರಿ, ಅದೇ ವೈನ್‌ಶಾಪ್, ಅದೇ ಗೆಳೆಯರು. ಆಗ ಅವರ ಜೊತೆ ನಿಲ್ಲಲು ಕುಡಿತ ಬಿಟ್ಟವರದೇ ಒಂದು ಗುಂಪು ಬೇಕು.

ಮೊದಲು ವೈದ್ಯರು

ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು ಉಂಟು. ಕೆಲವರಿಗೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಇದರಿಂದ ಪ್ರಾಣಕ್ಕೇ ಅಪಾಯ. ಆದ್ದರಿಂದ ಮನೆಯಲ್ಲಿ ಕೂಡಿಹಾಕಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ಅವರಿಗೆ ತಿಳಿಯದ ಹಾಗೆ ಸಾರಿನಲ್ಲೋ ಕಾಫಿಯಲ್ಲೋ ಮಾತ್ರೆ, ಪುಡಿ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಜೀವಕ್ಕೇ ಕುತ್ತು ಬರಬಹುದು.

ಗುಂಪು ಎಂದರೆ ಏನು?

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ಎಂಬ ಷೇರು ದಲ್ಲಾಳಿ ಮತ್ತು ಬಾಬ್ ಎಂಬ ಡಾಕ್ಟರು ಭೇಟಿಯಾದರು. ಇಬ್ಬರೂ ಕುಡಿತದಿಂದ ಸೋತವರು. ಒಬ್ಬರ ಕಷ್ಟ ಇನ್ನೊಬ್ಬರು ಕೇಳುತ್ತಾ ಕುಡಿತದಿಂದ ದೂರ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಶುರುವಾದದ್ದು ಹೀಗೆ. ನಮ್ಮ ರಾಜ್ಯದಲ್ಲೂ ಇದರ ಗುಂಪುಗಳಿವೆ.

ಎ.ಎ.ಗೆ ಶುಲ್ಕವಿಲ್ಲ. "ಕುಡಿತ ಬಿಡಬೇಕು" ಎಂಬ ಆಸೆ ಇದ್ದರೆ ಸಾಕು, ಕುಡಿತದ ಚಟವಿರುವ ಹೆಂಗಸರೂ ಸೇರಬಹುದು. ಅಲ್ಲಿ ಯಾರೂ ಉಪದೇಶ ಮಾಡುವುದಿಲ್ಲ, ತಮ್ಮ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. "ಜೀವಮಾನವೆಲ್ಲ ಬಿಡ್ತೀನಿ" ಅನ್ನುವ ಬದಲು "ಇವತ್ತೊಂದು ದಿನ ಕುಡಿಯೋದಿಲ್ಲ" ಎಂಬುದೇ ಅವರ ದಾರಿ. ಸಭೆ ಚರ್ಚಿನ ಕೋಣೆಯಲ್ಲಿ ನಡೆದರೂ ಅದು ಯಾವ ಒಂದು ಧರ್ಮದ ಸಭೆಯೂ ಅಲ್ಲ.

ಶ್ರೀ ಕ್ಷೇತ್ರ ಧರ್ಮಸ್ಥಳದ ಕಡೆಯಿಂದ ನಡೆಯುವ ಮದ್ಯವರ್ಜನ ಶಿಬಿರಗಳಿಗೆ ಹೋಗಿ ಬಂದವರು ಊರುಗಳಲ್ಲಿ ನವಜೀವನ ಸಮಿತಿ ಮಾಡಿಕೊಂಡಿದ್ದಾರೆ. ಅದೂ ಇಂಥ ಆಸರೆಯೇ.

ಹುಡುಕುವುದು ಹೇಗೆ?

1. ಜಿಲ್ಲಾ ಆಸ್ಪತ್ರೆಯ ಅಥವಾ ವ್ಯಸನಮುಕ್ತಿ ಕೇಂದ್ರದ ಆಪ್ತಸಲಹೆಗಾರರನ್ನು ಕೇಳಿ.
2. 14446ಕ್ಕೆ ಫೋನ್ ಮಾಡಿ. ಇದು ವ್ಯಸನಮುಕ್ತಿಗಾಗಿ ಇರುವ ಉಚಿತ ಸಹಾಯವಾಣಿ. ಮನಸ್ಸಿನ ಕಷ್ಟಕ್ಕೆ ಟೆಲಿ ಮನಸ್, 14416. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.
3. ಊರಿನಲ್ಲಿ ಕುಡಿತ ಬಿಟ್ಟು ವರ್ಷವಾದವರು ಇದ್ದರೆ ಅವರನ್ನು ವಿಚಾರಿಸಿ. ಮೊದಲ ದಿನ ಅವರೇ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.
4. ಯಾವ ವಾರ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ಸಭೆ, ವಾಪಸ್ ಬರಲು ಬಸ್ ಇದೆಯೇ, ಮನೆಯವರೂ ಕೂರಬಹುದೇ, ಎಲ್ಲ ಕೇಳಿಕೊಳ್ಳಿ.

ಹತ್ತಿರ ಗುಂಪು ಇಲ್ಲವೇ? ಕುಡಿತ ಬಿಡಬೇಕೆನ್ನುವ ಇಬ್ಬರು ಮೂವರು ಸೇರಿದರೂ ಎ.ಎ. ಗುಂಪು ಆಗುತ್ತದೆ. ಶುರು ಮಾಡಲು ಪಕ್ಕದ ಪೇಟೆಯ ಗುಂಪಿನವರ ಸಹಾಯ ಕೇಳಬಹುದು.

ನಿಮಗೂ ಒಂದು ಗುಂಪು

"ಅವರು ಬರಲ್ಲ ಅಂತಾರೆ, ಏನ್ ಮಾಡ್ಲಿ?" ಎನ್ನುತ್ತೀರಿ. ಅವರು ಹೋಗದಿದ್ದರೂ ನೀವು ಹೋಗಬಹುದು. ಬಿಲ್ ಅವರ ಹೆಂಡತಿ ಲೋಯಿಸ್ ಗೆಳತಿಯೊಬ್ಬರ ಜೊತೆ ಸೇರಿ 1951ರಲ್ಲಿ ಮನೆಯವರಿಗಾಗಿ ಅಲ್-ಅನಾನ್ ಆರಂಭಿಸಿದರು. ಗಂಡನ ಕುಡಿತಕ್ಕೆ ಹೆಂಡತಿ ಕಾರಣವಲ್ಲ, ಬಿಡಿಸುವ ಭಾರವೂ ಅವಳೊಬ್ಬಳದಲ್ಲ ಎಂಬುದನ್ನು ಅಲ್ಲಿ ಕಲಿಯುತ್ತಾರೆ.

ಆದರೆ ಹೊಡೆತ ಬಡಿತವನ್ನು "ಕಾಯಿಲೆ" ಎಂದು ಸಹಿಸಬೇಕಾಗಿಲ್ಲ. ಕೂಡಲೇ 112, ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ನಿಮಗಿದೆ.

ಸಂಘ ಏನು ಮಾಡಬಹುದು?

ಬಾರ್ ಬಾಕಿ ತೀರಿಸಲು ಸದಸ್ಯೆಯ ಹೆಸರಿನಲ್ಲಿ ಸಾಲ ಕೊಡಬೇಡಿ. ಗುಂಪಿಗೆ ಹೋಗುವ ಬಸ್ ಚಾರ್ಜಿಗೆ ಬೇಕಾದರೆ ನೆರವಾಗಿ. ಯಾರ ಮನೆಯ ವಿಷಯವನ್ನೂ ಬೀದಿಗೆ ತರಬೇಡಿ. ಬಿಟ್ಟವರು ಮತ್ತೆ ಕುಡಿದರೆ "ನಂಗೊತ್ತಿತ್ತು" ಎಂದು ಹಂಗಿಸಬೇಡಿ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಮಾರನೇ ದಿನವೇ ಗುಂಪಿಗೆ ಹೋಗಲು ಹೇಳಿ.

ಚರ್ಚಿಸೋಣ

• ನಮ್ಮೂರಿನಲ್ಲಿ ಕುಡಿತ ಬಿಟ್ಟವರಿಗೆ ಈಗ ಯಾರ ಜೊತೆ ಇದೆ?
• ಮದುವೆ, ಹಬ್ಬಗಳಲ್ಲಿ ಅವರಿಗೆ ಒತ್ತಾಯ ಆಗದಂತೆ ಏನು ಮಾಡಬಹುದು?
• ಕಷ್ಟದಲ್ಲಿರುವ ಸದಸ್ಯೆ ರಾತ್ರಿ ಯಾರ ಮನೆ ಬಾಗಿಲು ತಟ್ಟಬಹುದು?

ಮುಂದಿನ ಸಭೆಯೊಳಗೆ ಇಬ್ಬರು ಸದಸ್ಯೆಯರು ಹತ್ತಿರದ ಗುಂಪು ಸೇರುವ ಜಾಗ, ವಾರ, ಸಮಯ ತಿಳಿದುಕೊಂಡು ಬರಲಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಯಾರು ಕೇಳಿದರು ಎಂದು ಬರೆಯುವುದು ಬೇಡ.