ಸೂರು ಮೊದಲು, ಸಂತೆ ಆಮೇಲೆ



ಮಾಲ್ ಎಂಬುದು ಅಂಗಡಿಗಳು, ಚಿತ್ರಮಂದಿರಗಳು, ತಿಂಡಿಯ ಮಳಿಗೆಗಳು ಒಂದೇ ಆಡಳಿತದಡಿ ಕೂಡಿರುವ ವ್ಯಾಪಾರದ ಕಟ್ಟಡ. ಸಂತೆಯಲ್ಲಿ ಮಾರುವವರೂ ಕೊಳ್ಳುವವರೂ ನೆರೆದ ಎಷ್ಟೋ ವರ್ಷಗಳ ಮೇಲೆ ಕಟ್ಟೆಯೂ ಸೂರೂ ಬರುತ್ತವೆ, ಮಾಲ್‌ನಲ್ಲಿ ಸೂರು ಮೊದಲೆದ್ದು ಮಾರುವವರೂ ಕೊಳ್ಳುವವರೂ ಆಮೇಲೆ ಬರಬೇಕಾಗುತ್ತದೆ. ಈ ಹಿಂದುಮುಂದಾದ ಕ್ರಮವನ್ನು ಗಮನಿಸದ ಕಿರಿಯರು ನಗರದ ಹೊಸ ಮಾಲೊಂದರಲ್ಲಿ ಬೀಗ ಬಿದ್ದ ನಾಲ್ಕು ಮಳಿಗೆಗಳನ್ನು ಕಂಡೊಡನೆ ಅದು ಮುಳುಗಿದ ವ್ಯಾಪಾರವೆಂದು ತೀರ್ಪು ಕೊಡುವುದುಂಟು. ಮಾಲಿನ ಮಾಲೀಕರು ಮೊದಲು ತನ್ನ ಹೆಸರಿನಿಂದಲೇ ಜನರನ್ನು ಸೆಳೆಯುವ ದೊಡ್ಡ ಅಂಗಡಿಯೊಂದನ್ನು, ಅಂದರೆ ಆಧಾರ ಮಳಿಗೆಯನ್ನು, ಚದರಡಿಗೆ ಕಡಿಮೆ ಬಾಡಿಗೆಗೆ ಕರೆತರುತ್ತಾರೆ. ಸಣ್ಣ ಅಂಗಡಿಗಳು ಜನ ಬರಲೆಂದು ಕಾಯುತ್ತವೆ, ಜನ ಅಂಗಡಿ ಬರಲೆಂದು ಕಾಯುತ್ತಾರೆ, ಈ ಗಂಟು ಬಿಚ್ಚಿಕೊಳ್ಳಲು ಕೆಲವು ವರ್ಷಗಳೇ ಹಿಡಿಯುತ್ತವೆ. ಸಂತೆಗೆ ಮೂರು ಮೊಳ ನೇಯುವವರಿಗೆ ಈ ವ್ಯಾಪಾರ ಒಗ್ಗುವುದಿಲ್ಲ.

ಬೆಂಗಳೂರಿನ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಇದಕ್ಕೆ ಒಳ್ಳೆಯ ಉದಾಹರಣೆ. 2010ರಲ್ಲಿ ಅದು ತೆರೆದಾಗ ಬೆಂಗಳೂರಿನಲ್ಲಿ ಮೆಟ್ರೊ ರೈಲೇ ಇರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಮೊದಲ ರೈಲು ಓಡಿದ್ದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ, ಅಂದರೆ ಮಲ್ಲೇಶ್ವರಕ್ಕೆ ಅದರಿಂದ ಏನೂ ದಕ್ಕಲಿಲ್ಲ. 2014ರ ಮಾರ್ಚ್ 1ರಂದು ಪೀಣ್ಯದಿಂದ ಸಂಪಿಗೆ ರಸ್ತೆಯವರೆಗಿನ ಹಸಿರು ಮಾರ್ಗ ತೆರೆದು ಮಾಲಿನ ಪಕ್ಕದಲ್ಲೇ ನಿಲ್ದಾಣ ಬಂತು, 2017ರ ಜೂನ್‌ನಲ್ಲಿ ಆ ಮಾರ್ಗ ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿ ಮುಟ್ಟಿತು, 2024ರ ನವೆಂಬರ್ 7ರಂದು ಪೀಣ್ಯ ದಾಟಿ ನಾಗಸಂದ್ರದವರೆಗೆ ಬಂದಿದ್ದ ಇನ್ನೊಂದು ತುದಿ ಮಾದಾವರಕ್ಕೆ ಚಾಚಿತು. ತುಮಕೂರು ರಸ್ತೆಯಿಂದ ಬರುವ, ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯವರು ಈಗ ಮಾದಾವರದಲ್ಲಿ ರೈಲು ಹತ್ತಿ ಮಾಲಿನ ಬಾಗಿಲಲ್ಲೇ ಇಳಿಯಬಹುದು. ಈ ಒಂದು ಅನುಕೂಲಕ್ಕೆ 14 ವರ್ಷ ಬೇಕಾದವು, ಅದರಲ್ಲಿ ಬಹುಪಾಲು ಮಾಲಿನ ಗೋಡೆಯ ಹೊರಗೆ ನಡೆದ ಕೆಲಸ. ಪೂರ್ತಿ ಸೂರಿನಡಿಯ ಮಾಲಿಗೆ ಮೊದಲ ಮಾದರಿಯಾಗಿ 1956ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ತೆರೆದ ಸೌತ್‌ಡೇಲ್‌ನ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಕೂಡ ಅಂಗಡಿಗಳ ಸುತ್ತ ಮನೆ, ಶಾಲೆ, ಆಸ್ಪತ್ರೆಗಳು ಬೆಳೆಯಬೇಕೆಂದು ಬಯಸಿದ್ದ. ಅವು ಬೆಳೆಯದೆ ಬರೀ ಅಂಗಡಿ ಮತ್ತು ವಾಹನ ನಿಲುಗಡೆಯ ಬಯಲು ಉಳಿದಾಗ ಆತ ತನ್ನ ಕಲ್ಪನೆಯ ಆ ಸಂತಾನವನ್ನೇ ಒಲ್ಲೆನೆಂದ.

ಹಾಗೆಂದು ಎಲ್ಲಕ್ಕೂ ತಾಳ್ಮೆ ಸಲ್ಲದು. ಇದೇ ಮಂತ್ರಿ ಸ್ಕ್ವೇರಿನ ಹಿಂಬದಿಯ ಗೋಡೆಯ ಭಾಗವೊಂದು 2017ರ ಜನವರಿಯಲ್ಲಿ ಕುಸಿದು ಮಾಲ್ ಕೆಲಕಾಲ ಮುಚ್ಚಬೇಕಾಯಿತು. ಮಳಿಗೆ ಖಾಲಿಯಿರುವುದನ್ನೂ ಬಾಡಿಗೆದಾರರು ಬದಲಾಗುತ್ತಿರುವುದನ್ನೂ ಕಾದು ನೋಡಬಹುದು; ಗೋಡೆಯ ಬಿರುಕು, ಬೀಗ ಹಾಕಿದ ತುರ್ತು ಬಾಗಿಲು, ನೀರಿಲ್ಲದ ಶೌಚಾಲಯ ಇವುಗಳ ವಿಷಯದಲ್ಲಿ ಕಾಯುವುದು ತಾಳ್ಮೆಯಲ್ಲ, ಉದಾಸೀನ. ಈ ಎರಡನ್ನು ಬೆರೆಸಿಕೊಂಡ ಹಿರಿಯರೇ ಹೆಚ್ಚೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಹೊಸ ವ್ಯಾಪಾರ ಸಂಕೀರ್ಣವೊಂದು ಎದ್ದಾಗ ಕಿರಿಯರು ಮಳಿಗೆಗಳ ಬೀಗಗಳನ್ನು ಎಣಿಸುವ ಮೊದಲು ಬಸ್ಸು ಅಲ್ಲಿ ನಿಲ್ಲುತ್ತದೆಯೇ, ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೇ, ಬಿಸಿಲಲ್ಲಿ ಬಂದ ಮುದುಕರು ಕೂರಲು ಕಟ್ಟೆಯಿದೆಯೇ ಎಂದು ನೋಡಲಿ. ಇಲ್ಲವಾದರೆ ಮಧುಗಿರಿಯಲ್ಲಿ ಪುರಸಭೆಗೆ, ಶಿರಾದಲ್ಲಿ ನಗರಸಭೆಗೆ ಅಂದೇ ಒಂದು ಅರ್ಜಿ ಬರೆದುಕೊಡಲಿ.