ಚಂದದ ಚಿಪ್ಪು, ಒಳಗೆ ಯಾರಿದ್ದಾರೆ?

ಪ್ರಶ್ನೆ: ರಜೆಗೆ ಲಕ್ಷದ್ವೀಪಕ್ಕೆ ಹೊರಟಿದ್ದೇವೆ. ಒಂಬತ್ತು ವರ್ಷದ ಮಗನಿಗೆ ಕಪ್ಪೆಚಿಪ್ಪು ಆಯುವ ಹುಚ್ಚು. ಶಂಕುವಿನಾಕಾರದ ಕಡಲ ಬಸವನಹುಳು ಕುಟುಕಿದರೆ ಸಾವೇ ಗತಿ ಎಂದು ಯಾರೋ ಹೆದರಿಸಿದ್ದಾರೆ. ಕೈಗವಸು ಹಾಕಿದರೆ ಸಾಕೇ?

ಉತ್ತರ: ಸಾಲದು ತಾಯಿ. ಅದರ ಹಲ್ಲು ಟೊಳ್ಳಾದ ಪುಟ್ಟ ಈಟಿ. ಸೊಂಡಿಲಿನ ತುದಿಯಿಂದ ಚಿಮ್ಮಿದರೆ ಕೈಗವಸನ್ನೂ ತೂರಬಲ್ಲದು. ಅಗಲವಾದ ತುದಿ ಹಿಡಿದರೆ ಅಪಾಯವಿಲ್ಲ ಎನ್ನುವವರ ಮಾತು ಕೇಳಬೇಡಿ, ಸೊಂಡಿಲು ಅಲ್ಲಿಗೂ ಬಾಗೀತು.

ಹಾಗಂತ ಪ್ರವಾಸ ರದ್ದು ಮಾಡಬೇಡಿ. ಬಿಳಿ ಮೈಮೇಲೆ ಕರಿ ಚೌಕಗಳಿರುವ ಪುಟ್ಟ ಕೋನಸ್ ಎಬ್ರೇಯಸ್ ಕಡಲ ಹುಳು ತಿಂದು ಬದುಕುವಂಥದ್ದು. ಮನುಷ್ಯರನ್ನು ಕೊಂದ ಕುಖ್ಯಾತಿ ಮುಖ್ಯವಾಗಿ ಮೀನು ಬೇಟೆಯಾಡುವ ಕೋನಸ್ ಜಿಯೋಗ್ರಾಫಸ್‌ನದು. ಆದರೆ ಹುಡುಗ ಜಾತಿ ನೋಡುತ್ತಾ ಕೂರುತ್ತಾನೆಯೇ? ಶಂಕುವಿನಾಕಾರದ್ದು ಯಾವುದನ್ನೂ ಮುಟ್ಟದಿರಲಿ. ಖಾಲಿ ಎಂದುಕೊಂಡು ಜೇಬಿಗೆ ಹಾಕುವುದಂತೂ ಬೇಡವೇ ಬೇಡ. ಒಳಗೆ ಸರಿದ ಜೀವ ಹೊರಗೆ ಕಾಣುವುದಿಲ್ಲ.

ಕುಟುಕಿದಾಗ ನೋವು ಕಡಿಮೆ ಎಂದು ಸುಮ್ಮನಿರಬೇಡಿ. ವಿಷ ಸ್ನಾಯುಗಳನ್ನು ಸ್ತಬ್ಧಗೊಳಿಸಿ ಉಸಿರಾಟ ನಿಲ್ಲಿಸಬಲ್ಲದು, ಪ್ರತಿವಿಷ ಇಲ್ಲ. ಕೊಯ್ಯುವುದು, ಹೀರುವುದು ಬೇಡ. ರಕ್ತ ಸಂಚಾರ ನಿಲ್ಲದಂತೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಕೈ ಅಲುಗಾಡದಂತೆ ಕಟ್ಟಿ, ನಡೆಸದೆ ಆಸ್ಪತ್ರೆಗೆ ಸಾಗಿಸಿ. ಉಸಿರು ನಿಂತರೆ ಬಾಯಿಂದ ಬಾಯಿಗೆ ಉಸಿರು ಕೊಡುತ್ತಲೇ ಇರಿ, ವಿಷದ ಪ್ರಭಾವ ಇಳಿಯುವವರೆಗೆ ಜೀವ ಹಿಡಿಯುವುದು ಅದೇ.

ಮಗನಿಗೆ ಬರೀ ಹೆದರಿಕೆ ಹುಟ್ಟಿಸಬೇಡಿ. ಇದೇ ಬಳಗದ ಕೋನಸ್ ಮೇಗಸ್‌ನ ವಿಷದ ಮಾದರಿಯಲ್ಲಿ ತಯಾರಿಸಿದ ಝಿಕೋನೊಟೈಡ್ ಎಂಬ ನೋವುನಿವಾರಕಕ್ಕೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು ಎಂದೂ ಹೇಳಿ. ಆಯುವ ಚೀಲದ ಬದಲು ಕೈಗೊಂದು ಕ್ಯಾಮೆರಾ ಕೊಡಿ.