ದೂರದಿಂದ ಬಂದ ಅತಿಥಿಗಳು

ಶಾಂತಸಾಗರದ ನಡುವೆ ಹವಾಯಿ ದ್ವೀಪಸಮೂಹವಿದೆ. ಮಾವಿ ಅದರಲ್ಲೊಂದು ದ್ವೀಪ. ಪ್ರತಿ ಚಳಿಗಾಲದಲ್ಲಿಯೂ ಇಲ್ಲಿಗೆ ದೂರದ ಅಲಾಸ್ಕದ ಕಡಲಿನಿಂದ ಗೂನುಬೆನ್ನಿನ ತಿಮಿಂಗಿಲಗಳು ಬರುತ್ತವೆ. ಸುಮಾರು 4,800 ಕಿಲೋಮೀಟರು ಈಜಿ ಬಂದು, ಬೆಚ್ಚನೆಯ ನೀರಿನಲ್ಲಿ ಮರಿಹಾಕುತ್ತವೆ. ಅವುಗಳನ್ನು ನೋಡಲು ಜನರೂ ಬರುತ್ತಾರೆ.

ಬೆಳಗಾಗುತ್ತಲೇ ಬಂದರಿನಿಂದ ಯಾಂತ್ರಿಕ ದೋಣಿಗಳು ಹೊರಡುತ್ತವೆ. ಮೊದಲು ಸಿಗುವುದು ಮೊಲೊಕಿನಿ. ಆರಿದ ಜ್ವಾಲಾಮುಖಿಯ ಬಾಯಿಯ ಅಂಚು ಅರ್ಧಚಂದ್ರಾಕಾರವಾಗಿ ನೀರಿನ ಮೇಲೆ ನಿಂತಿರುವ ಪುಟ್ಟ ದ್ವೀಪವದು. ಪ್ರವಾಸಿಗರು ಕಣ್ಣಿಗೆ ಗಾಜಿನ ಮುಖವಾಡ ತೊಟ್ಟು, ಬಾಯಲ್ಲಿ ಸ್ನಾರ್ಕಲ್ ಎಂಬ ಬಾಗಿದ ಕೊಳವೆಯನ್ನು ಹಿಡಿದು ನೀರಿಗಿಳಿಯುತ್ತಾರೆ. ಕೊಳವೆಯ ತುದಿ ನೀರಿನ ಮೇಲಿರುವುದರಿಂದ, ಮುಖ ಮುಳುಗಿದ್ದರೂ ಉಸಿರಾಟಕ್ಕೆ ತೊಡಕಿಲ್ಲ. ಕೆಳಗೆ ಹವಳದ ದಿಬ್ಬಗಳು. ಅವುಗಳ ಮೇಲಣ ಪಾಚಿಯನ್ನು ಗಿಳಿಮೀನುಗಳು ಕೊಕ್ಕಿನಂಥ ಹಲ್ಲುಗಳಿಂದ ಕೆರೆದು ತಿನ್ನುತ್ತವೆ. ಹವಳದ ಮೇಲೆ ಯಾರೂ ಕಾಲೂರುವಂತಿಲ್ಲ. ಅದು ಕಲ್ಲಲ್ಲ, ಜೀವಿಗಳ ನೆಲೆ. 1977ರಿಂದ ಈ ಸ್ಥಳ ಸಂರಕ್ಷಿತವಾಗಿದೆ. ಈಜುತ್ತಿರುವಾಗಲೇ ಒಮ್ಮೊಮ್ಮೆ ಕಿವಿಗೆ ದೀರ್ಘವಾದ ನರಳಿಕೆಯಂತಹ ನಾದ ಕೇಳಿಸುತ್ತದೆ. ಅದು ಗಂಡು ತಿಮಿಂಗಿಲದ ಹಾಡು.

ದೋಣಿ ಮತ್ತೆ ಸಾಗುತ್ತದೆ. ದೂರದಲ್ಲಿ ಆವಿಯ ಕಂಬವೊಂದು ಚಿಮ್ಮುತ್ತದೆ. ತಿಮಿಂಗಿಲ ಮೀನಲ್ಲ, ಸಸ್ತನಿ. ಉಸಿರಿಗಾಗಿ ಅದು ಮೇಲೆ ಬರಲೇಬೇಕು. ಸುಮಾರು ನಲವತ್ತು ಅಡಿ ಉದ್ದದ ತಾಯಿಯ ಪಕ್ಕದಲ್ಲಿ ಮರಿಯೂ ಕಾಣಿಸುತ್ತದೆ. ಚಾಲಕನು ದೋಣಿಯನ್ನು ಅಲ್ಲಿಯೇ ನಿಲ್ಲಿಸುತ್ತಾನೆ. ತೊಂಬತ್ತು ಮೀಟರಿಗಿಂತ ಹತ್ತಿರ ಹೋಗುವುದು ಕಾನೂನಿಗೆ ವಿರುದ್ಧ. ಇದಕ್ಕೆ ಕಾರಣವಿದೆ. ಇಲ್ಲಿರುವಷ್ಟು ಕಾಲ ತಾಯಿಗೆ ಆಹಾರವಿಲ್ಲವೆಂದೇ ಹೇಳಬೇಕು. ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಅದು ತಾನು ಬದುಕಿ, ಮರಿಗೆ ಹಾಲೂಡಬೇಕು. ಬೆದರಿ ಓಡಿದರೆ ಆ ಶಕ್ತಿ ವ್ಯರ್ಥವಾಗುತ್ತದೆ.

ಇದೇ ದ್ವೀಪದ ಲಹೈನಾ ಪಟ್ಟಣ 2023ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ತಿಮಿಂಗಿಲ ಬೇಟೆಯ ಹಡಗುಗಳ ತಂಗುದಾಣವಾಗಿತ್ತು. ಆಗ ತಿಮಿಂಗಿಲದ ಎಣ್ಣೆ ಮನೆಮನೆಯ ದೀಪಗಳಲ್ಲಿ ಉರಿಯುತ್ತಿತ್ತು. ಮುಂದೆ ಯಂತ್ರದ ಹಡಗುಗಳೂ ಸಿಡಿಯುವ ಈಟಿಗಳೂ ಬಂದವು. 1966ರ ವೇಳೆಗೆ ಉತ್ತರ ಶಾಂತಸಾಗರದಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಸಾವಿರದಷ್ಟು ಮಾತ್ರ ಉಳಿದಿದ್ದವೆಂದು ಅಂದಾಜು. ಆ ವರ್ಷ ಅವುಗಳ ವಾಣಿಜ್ಯ ಬೇಟೆಗೆ ನಿಷೇಧ ಬಂತು. 1992ರಲ್ಲಿ ಹವಾಯಿಯ ಕಡಲು ಅವುಗಳ ರಕ್ಷಿತ ತಾಣವಾಯಿತು. ಮನುಷ್ಯನು ಕೈ ತಡೆದ ಫಲವಾಗಿ ಅವುಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿತು.

ಆದರೂ ಅಪಾಯ ತಪ್ಪಿಲ್ಲ. 2014ರಿಂದ 2016ರವರೆಗೆ ಉತ್ತರದ ಕಡಲು ಅಸಹಜವಾಗಿ ಬಿಸಿಯಾಗಿ ಆಹಾರ ಕುಗ್ಗಿತು. ಅನೇಕ ತಿಮಿಂಗಿಲಗಳು ಮರಳಿ ಬರಲಿಲ್ಲ. ಬೇಟೆಯನ್ನು ನಿಲ್ಲಿಸಲು ಕಾನೂನೊಂದು ಸಾಕಾಯಿತು. ಕಾಯುತ್ತಿರುವ ಕಡಲನ್ನು ತಣಿಸುವುದು ಅಷ್ಟು ಸುಲಭವಲ್ಲ.

ಸಂಜೆಗೆ ಮುನ್ನ ದೋಣಿ ಮರಳುತ್ತದೆ. ಹಿಂದೊಮ್ಮೆ ಈಟಿ ಹಿಡಿದು ತಿಮಿಂಗಿಲವನ್ನು ಬೆನ್ನಟ್ಟಿದ ಮನುಷ್ಯನು ಇಂದು ತೊಂಬತ್ತು ಮೀಟರು ದೂರದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಆ ದೂರವೇ ಅವನು ಕಲಿತ ಪಾಠ.